ಮೇದೋಜೀರಕದ ಆಪರೇಷನ್: ಹೊಲಿಗೆ ಮುಗಿದ ಮೇಲೂ ಎಚ್ಚರವಿರಲಿ

ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತು 'ಕಾಮಾಲೆ'. ಅದರ ಹಿಂದೆಯೇ ಇನ್ನೊಂದು ಮಾತು: 'ಇಂಥ ಊರಲ್ಲಿ ಮದ್ದು ಕೊಡುತ್ತಾರಂತೆ.' ಮೂರು ದಿನ ಬರಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು-ಎಣ್ಣೆ ಇಲ್ಲದ ಪಥ್ಯ, ಕಬ್ಬಿನ ಹಾಲು. ವೈರಸ್‌ನಿಂದ ಬಂದ ಕಾಮಾಲೆಯಾದರೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ ಬರುತ್ತದೆ.

ಆದರೆ ಸಹೋದರಿಯರೇ, ಸದ್ದಿಲ್ಲದೆ ಬರುವ ಇನ್ನೊಂದು ಕಾಮಾಲೆಯಿದೆ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಅದನ್ನು ಕಾಣುತ್ತೇವೆ. ಜ್ವರವಿರುವುದಿಲ್ಲ. ಹೆಚ್ಚಾಗಿ ನೋವೂ ಇರುವುದಿಲ್ಲ. ದಿನದಿಂದ ದಿನಕ್ಕೆ ಹಳದಿ ಏರುತ್ತಾ ಹೋಗುತ್ತದೆ. ಮೈಯೆಲ್ಲ ತುರಿಕೆ, ಮೂತ್ರಕ್ಕೆ ಕಡು ಚಹಾದ ಬಣ್ಣ, ಮಲ ಮಾತ್ರ ಜೇಡಿಮಣ್ಣಿನಂತೆ ಬಿಳಿಚಿಕೊಂಡಿರುತ್ತದೆ. ತೂಕ ಇಳಿಯುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಶುರುವಾಗಿರುತ್ತದೆ. ಇದು ಪಿತ್ತನಾಳಕ್ಕೆ ಎಲ್ಲೋ ಅಡ್ಡಿಯಾಗಿದೆ ಎಂಬುದರ ಸೂಚನೆ. ಅಡ್ಡಿ ಕಲ್ಲಿನಿಂದಲೂ ಆಗಿರಬಹುದು, ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಬೆಳೆದ ಗಡ್ಡೆಯಿಂದಲೂ ಆಗಿರಬಹುದು. ಸೊಪ್ಪಿನ ರಸ ಕುಡಿಯುತ್ತಾ ಕಳೆಯುವ ಒಂದೊಂದು ವಾರವೂ ಇಲ್ಲಿ ನಷ್ಟವೇ. ಹೊಟ್ಟೆಯ ಸ್ಕ್ಯಾನ್ ಒಂದನ್ನು ಮಾಡಿಸಿದರೆ ದಾರಿ ಗೊತ್ತಾಗುತ್ತದೆ.

ಸ್ಕ್ಯಾನ್ ಆಯಿತು, ಗಡ್ಡೆ ಇದೆಯೆಂದರು, 'ದೊಡ್ಡ ಆಪರೇಷನ್ ಆಗಬೇಕು, ರಿಸ್ಕ್ ಇದೆ' ಎಂದರು. ಅಲ್ಲಿಂದ ಮುಂದೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಆ ರಿಸ್ಕ್ ಏನು, ಅದನ್ನು ತಗ್ಗಿಸಲು ಶಸ್ತ್ರವೈದ್ಯರು ಏನೇನು ಮಾಡುತ್ತಾರೆ, ಮನೆಯವರಾಗಿ ನೀವೇನು ಮಾಡಬಹುದು ಎಂಬುದನ್ನು ಈ ಸಲ ನೋಡೋಣ.

ಎಲ್ಲಿದೆ ಈ ಗ್ರಂಥಿ?

ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡಂತೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಮೃದುವಾದ ಅಂಗವೇ ಮೇದೋಜೀರಕ ಗ್ರಂಥಿ ಅಥವಾ ಪ್ಯಾಂಕ್ರಿಯಾಸ್. ಅದರ ತಲೆಯ ಭಾಗ ಸಣ್ಣ ಕರುಳಿನ ಮೊದಲ ಬಾಗಿನೊಳಗೆ ಕೂತಿದೆ, ಬಾಲ ಎಡಗಡೆಯ ಗುಲ್ಮದವರೆಗೆ ಚಾಚಿದೆ. ಅದಕ್ಕೆ ಎರಡು ಕೆಲಸ. ರಕ್ತಕ್ಕೆ ಇನ್ಸುಲಿನ್ ಕೊಡುವುದು ಒಂದು. ಉಂಡದ್ದನ್ನು, ಮುಖ್ಯವಾಗಿ ಕೊಬ್ಬು ಮತ್ತು ಮಾಂಸದ ಅಂಶವನ್ನು, ಕರಗಿಸುವ ರಸವನ್ನು ಕರುಳಿಗೆ ಬಿಡುವುದು ಇನ್ನೊಂದು. ಆ ರಸ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಬರುತ್ತದೆ.

ತೊಂದರೆಯ ಮೂಲವೂ ಇದೇ ರಸ. ಕರುಳಿನೊಳಗೆ ಇದ್ದಾಗ ಅದು ಬಿರಿಯಾನಿಯನ್ನು ಅರಗಿಸುತ್ತದೆ. ಕರುಳಿನ ಹೊರಗೆ ಸೋರಿತೋ, ಸುತ್ತಲಿನ ಅಂಗಗಳನ್ನು, ರಕ್ತನಾಳದ ಗೋಡೆಯನ್ನು ತಿನ್ನತೊಡಗುತ್ತದೆ. ಈ ಗ್ರಂಥಿಯ ಆಪರೇಷನ್ ಬೇರೆಲ್ಲ ಹೊಟ್ಟೆಯ ಆಪರೇಷನ್‌ಗಳಿಗಿಂತ ಕಠಿಣವೆನಿಸಿಕೊಂಡದ್ದು ಈ ಕಾರಣಕ್ಕೆ.

ಏನನ್ನು ತೆಗೆಯುತ್ತಾರೆ, ಏನನ್ನು ಜೋಡಿಸುತ್ತಾರೆ?

ಗಡ್ಡೆ ತಲೆಯ ಭಾಗದಲ್ಲಿದ್ದರೆ ಮಾಡುವ ಶಸ್ತ್ರಚಿಕಿತ್ಸೆಗೆ ವಿಪ್ಪಲ್ ಆಪರೇಷನ್ ಎಂದು ಹೆಸರು. ಜರ್ಮನಿಯ ವಾಲ್ಟರ್ ಕೌಶ್ 1909ರಲ್ಲಿ ಬರ್ಲಿನ್‌ನಲ್ಲಿ ಇಂಥದೊಂದು ಆಪರೇಷನ್ ಮಾಡಿದ್ದರು. ನ್ಯೂಯಾರ್ಕಿನ ಅಲೆನ್ ವಿಪ್ಪಲ್ 1935ರಲ್ಲಿ ತಮ್ಮ ಮೂವರು ರೋಗಿಗಳ ವಿವರ ಪ್ರಕಟಿಸಿದ ಮೇಲೆ ಅವರ ಹೆಸರೇ ಉಳಿಯಿತು.

ಗ್ರಂಥಿಯ ತಲೆ, ಅದನ್ನು ಸುತ್ತಿರುವ ಸಣ್ಣ ಕರುಳಿನ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಕೆಲವೊಮ್ಮೆ ಜಠರದ ಒಂದು ತುಂಡು, ಇಷ್ಟನ್ನೂ ತೆಗೆಯಬೇಕು. ಆಮೇಲೆ ಮೂರು ಜೋಡಣೆಗಳಾಗಬೇಕು. ಉಳಿದ ಗ್ರಂಥಿಯನ್ನು ಕರುಳಿಗೆ, ಪಿತ್ತನಾಳವನ್ನು ಕರುಳಿಗೆ, ಜಠರವನ್ನು ಕರುಳಿಗೆ ಹೊಲಿಯಬೇಕು. ಇದೆಲ್ಲ ಮುಗಿಯಲು ಅನೇಕ ಗಂಟೆಗಳೇ ಬೇಕು. 1970ರ ದಶಕದವರೆಗೂ ಈ ಆಪರೇಷನ್ ಆದ ನಾಲ್ವರಲ್ಲಿ ಸುಮಾರು ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದರು. ಇಂದು ನುರಿತ ಕೇಂದ್ರಗಳಲ್ಲಿ ನೂರರಲ್ಲಿ ಐವರಿಗಿಂತ ಕಡಿಮೆ. ಆದರೆ ಸಣ್ಣದೋ ದೊಡ್ಡದೋ ಏನಾದರೊಂದು ತೊಡಕು ಇಂದಿಗೂ ನೂರರಲ್ಲಿ ಮೂವತ್ತು-ನಲವತ್ತು ಜನರನ್ನು ಕಾಡುತ್ತದೆ. ಅಂದರೆ ತೊಡಕುಗಳು ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ, ತೊಡಕು ಬಂದವರನ್ನು ಉಳಿಸಿಕೊಳ್ಳುವುದನ್ನು ವೈದ್ಯರು ಕಲಿತರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಣ್ಣೆಗೆ ಹಾಕುವ ಹೊಲಿಗೆ

ಮೂರು ಜೋಡಣೆಗಳಲ್ಲಿ ಮೊದಲನೆಯದೇ ಅತ್ಯಂತ ನಾಜೂಕಿನದು. ಹೊಲಿಗೆ ಬಲ್ಲ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ದಪ್ಪ ಬಟ್ಟೆಗೆ ದಾರ ನಿಲ್ಲುತ್ತದೆ, ಮಲ್ಮಲ್ ಬಟ್ಟೆಯಲ್ಲಿ ಎಳೆದರೆ ಬಟ್ಟೆಯೇ ಹರಿಯುತ್ತದೆ. ಆರೋಗ್ಯವಂತ ಮೇದೋಜೀರಕ ಗ್ರಂಥಿ ಬೆಣ್ಣೆಯಷ್ಟು ಮೆತ್ತಗೆ. ಅದರೊಳಗಿನ ರಸನಾಳ ಮೂರು ಮಿಲಿಮೀಟರ್ ಕೂಡ ಇಲ್ಲದಿರಬಹುದು. ಗ್ರಂಥಿ ಮೆತ್ತಗಿದ್ದು ನಾಳ ಸಣ್ಣದಿದ್ದರೆ ಸೋರಿಕೆಯ ಅಪಾಯ ಹೆಚ್ಚು. ಗ್ರಂಥಿ ಗಟ್ಟಿಯಾಗಿ ನಾಳ ಅಗಲವಾಗಿದ್ದರೆ ಅಪಾಯ ಕಡಿಮೆ.

ಕೇರಳದಲ್ಲೂ ದಕ್ಷಿಣ ಭಾರತದ ಬೇರೆ ಭಾಗಗಳಲ್ಲೂ ಎಳೆಯ ವಯಸ್ಸಿನವರಲ್ಲೇ ಗ್ರಂಥಿಯ ನಾಳದಲ್ಲಿ ಕಲ್ಲುಗಳಾಗಿ ಹೊಟ್ಟೆನೋವಿನಿಂದ ನರಳುವ ಒಂದು ಕಾಯಿಲೆಯಿದೆ. ಕುಡಿತದ ಗಾಳಿಯೂ ಸೋಕದವರಿಗೆ ಅದು ಬರುತ್ತದೆ. ಅವರ ಗ್ರಂಥಿ ಗಟ್ಟಿಯಾಗಿ, ನಾಳ ಹಿಗ್ಗಿರುತ್ತದೆ. ನಾಳವನ್ನು ಉದ್ದಕ್ಕೆ ಸೀಳಿ, ಕಲ್ಲು ತೆಗೆದು, ಮೇಲೆ ಕರುಳನ್ನು ಹೊಲಿಯುವ ಆಪರೇಷನ್ ಅವರಿಗೆ ಮಾಡುತ್ತಾರೆ. ಅಲ್ಲಿ ಹೊಲಿಗೆ ಚೆನ್ನಾಗಿ ನಿಲ್ಲುತ್ತದೆ. ಆದ್ದರಿಂದ 'ಅವರಿಗೂ ಪ್ಯಾಂಕ್ರಿಯಾಸ್ ಆಪರೇಷನ್ ಆಯಿತು, ವಾರದಲ್ಲಿ ಮನೆಗೆ ಬಂದರು' ಎಂದು ನೆರೆಮನೆಯವರನ್ನು ಹೋಲಿಸಿ ಕಂಗೆಡಬೇಡಿ. ಎಲ್ಲರ ಗ್ರಂಥಿಯೂ ಒಂದೇ ತರಹ ಇರುವುದಿಲ್ಲ, ಎಲ್ಲರ ಆಪರೇಷನ್ನೂ ಒಂದೇ ಅಲ್ಲ.

ಸೋರಿಕೆ ತಡೆಯಲು ಶಸ್ತ್ರವೈದ್ಯರು ಕಂಡುಕೊಂಡ ಹೊಲಿಗೆಗಳು ಒಂದೆರಡಲ್ಲ. ಗ್ರಂಥಿಯ ತುದಿಯನ್ನು ಕರುಳಿನೊಳಗೆ ತೂರಿಸಿ ಹೊಲಿಯುವುದು ಒಂದು ವಿಧಾನ. ಸಣ್ಣ ನಾಳದ ಬಾಯನ್ನು ಕರುಳಿನ ಒಳಪದರಕ್ಕೇ ನೇರವಾಗಿ ಹೊಲಿಯುವುದು ಇನ್ನೊಂದು. ಬ್ಲಮ್‌ಗಾರ್ಟ್ ಎಂಬ ಶಸ್ತ್ರವೈದ್ಯರ ಹೆಸರಿನ ವಿಧಾನದಲ್ಲಿ ದಾರವನ್ನು ಗ್ರಂಥಿಯ ಪೂರ್ತಿ ದಪ್ಪದ ಮೂಲಕ ಹಾಯಿಸಿ, ಕರುಳನ್ನು ಹೊದಿಕೆಯಂತೆ ಅದರ ಮೇಲೆ ಕೂರಿಸುತ್ತಾರೆ. ಗಂಟಿನ ಬಿಗಿ ಗ್ರಂಥಿಯ ಮೇಲೆ ಬೀಳದೆ ಕರುಳಿನ ಮೇಲೆ ಬೀಳುತ್ತದೆ. ಕೆಲವರು ಕರುಳಿಗೆ ಬದಲು ಜಠರದ ಹಿಂಬದಿಗೆ ಜೋಡಿಸುತ್ತಾರೆ. ನಾಳದೊಳಗೆ ಸಪೂರ ನಳಿಕೆಯಿಟ್ಟು ರಸವನ್ನು ಹೊರಗಿನ ಚೀಲಕ್ಕೆ ಹರಿಸಿ, ಹೊಲಿಗೆ ಕೂಡಿಕೊಳ್ಳುವವರೆಗೆ ಅದಕ್ಕೆ ವಿಶ್ರಾಂತಿ ಕೊಡುವವರೂ ಇದ್ದಾರೆ. ಕತ್ತರಿಸಿದ ರಕ್ತನಾಳದ ಮೊಂಡಿಗೆ ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನೇ ಸುತ್ತಿ, ರಸ ಸೋರಿದರೂ ಅಲ್ಲಿಗೆ ತಾಗದಂತೆ ಮಾಡುವ ಕ್ರಮವೂ ಇದೆ.

ಇವುಗಳಲ್ಲಿ ಯಾವುದು ಶ್ರೇಷ್ಠ? ಇದನ್ನು ತಿಳಿಯಲು ದೊಡ್ಡ ದೊಡ್ಡ ಪರೀಕ್ಷೆಗಳು ನಡೆದಿವೆ. ಕರುಳಿಗೆ ಹೊಲಿಯುವುದು ಮೇಲೋ ಜಠರಕ್ಕೆ ಹೊಲಿಯುವುದು ಮೇಲೋ ಎಂದು ಜರ್ಮನಿಯಲ್ಲಿ 320 ರೋಗಿಗಳಲ್ಲಿ ಹೋಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೋರಿಕೆ ಎರಡರಲ್ಲೂ ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲೇ ಇತ್ತು. ಗ್ರಂಥಿಯ ಬಾಲದ ಭಾಗ ತೆಗೆದಾಗ ತುದಿಯನ್ನು ಕೈಯಿಂದ ಹೊಲಿಯಬೇಕೋ ಸ್ಟೇಪ್ಲರ್ ಯಂತ್ರದಿಂದ ಮುಚ್ಚಬೇಕೋ ಎಂಬ ಪ್ರಶ್ನೆಗೂ 2011ರಲ್ಲಿ ಬಂದ ಉತ್ತರ ಅದೇ: ವ್ಯತ್ಯಾಸವಿಲ್ಲ. ಒಂದು ಕೇಂದ್ರದಲ್ಲಿ ಅದ್ಭುತವೆನಿಸಿದ ಹೊಲಿಗೆ ಇನ್ನೊಂದು ಕಡೆ ಅಷ್ಟು ಫಲ ಕೊಡಲಿಲ್ಲ. ಹೀಗಾಗಿ ಇಂದು ಬಹಳಷ್ಟು ಶಸ್ತ್ರವೈದ್ಯರು ಒಪ್ಪುವ ಮಾತು ಸರಳವಾದದ್ದು: ಕೈಗೆ ಚೆನ್ನಾಗಿ ಕೂತ ಒಂದು ವಿಧಾನವನ್ನು ಪ್ರತಿ ಸಲವೂ ಅಷ್ಟೇ ಶ್ರದ್ಧೆಯಿಂದ ಮಾಡುವುದು.

ಕೀಹೋಲ್ ಮತ್ತು ರೋಬೋಟ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಬಾಲದ ಭಾಗದ ಆಪರೇಷನ್‌ಗೆ ಕೀಹೋಲ್ ಈಗ ಒಪ್ಪಿತವಾದ ದಾರಿ. ವಿಪ್ಪಲ್‌ಗೆ ಹಾಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ವಿಪ್ಪಲ್ ಆಪರೇಷನ್ನನ್ನು ಕೀಹೋಲ್‌ನಲ್ಲಿ ಮಾಡಿ ನೋಡುತ್ತಿದ್ದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. 2019ರ ಆ ವರದಿಯಲ್ಲಿ ಕೀಹೋಲ್ ಆದ 50 ಜನರಲ್ಲಿ ಐವರು, ಹೊಟ್ಟೆ ತೆರೆದು ಮಾಡಿಸಿಕೊಂಡ 49 ಜನರಲ್ಲಿ ಒಬ್ಬರು ತೀರಿಕೊಂಡಿದ್ದರು. ಬಹಳ ಅನುಭವವಿರುವ ಕೈಗಳಲ್ಲಿ ಇವೂ ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಸಣ್ಣ ಗಾಯ, ಹೊಸ ಯಂತ್ರ ಎಂಬ ಆಕರ್ಷಣೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಆಪರೇಷನ್‌ಗೆ ಮೊದಲೇ ಆಗುವ ಕೆಲಸ

ಕೆಲವು ತೊಡಕುಗಳನ್ನು ಚಾಕು ಮುಟ್ಟುವ ಮೊದಲೇ ತಡೆಯಬಹುದು. ಪಿತ್ತ ಕರುಳಿಗೆ ಇಳಿಯದಿದ್ದಾಗ ವಿಟಮಿನ್ ಕೆ ದೇಹಕ್ಕೆ ಸೇರುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಅದಕ್ಕೆ ಇಂಜೆಕ್ಷನ್ ಕೊಡುತ್ತಾರೆ.

ಕಾಮಾಲೆ ಇಳಿಸಲು ಎಂಡೋಸ್ಕೋಪಿ ಮೂಲಕ ಪಿತ್ತನಾಳಕ್ಕೆ ಸ್ಟೆಂಟ್ ಹಾಕುವುದುಂಟು. ಇದು ಎಲ್ಲರಿಗೂ ಬೇಕಾಗಿಲ್ಲ. 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಮಧ್ಯಮ ಮಟ್ಟದ ಕಾಮಾಲೆಯಿದ್ದವರಿಗೆ ಸ್ಟೆಂಟ್ ಇಲ್ಲದೆ ಬೇಗನೆ ಆಪರೇಷನ್ ಮಾಡಿದಾಗ ಗಂಭೀರ ತೊಡಕುಗಳು ನೂರಕ್ಕೆ 39, ಮೊದಲು ಸ್ಟೆಂಟ್ ಹಾಕಿ ವಾರಗಟ್ಟಲೆ ಕಾದವರಲ್ಲಿ ನೂರಕ್ಕೆ 74 ಇದ್ದವು. ಚಳಿಜ್ವರ ಬಂದು ಪಿತ್ತನಾಳಕ್ಕೆ ಸೋಂಕಾಗಿದ್ದರೆ, ಕಾಮಾಲೆ ವಿಪರೀತವಿದ್ದರೆ, ಅಥವಾ ಮೊದಲು ಕೀಮೋಥೆರಪಿ ಕೊಡಬೇಕಿದ್ದರೆ ಸ್ಟೆಂಟ್ ಬೇಕೇಬೇಕು. ಆದ್ದರಿಂದ ಸ್ಟೆಂಟ್ ಹಾಕಿಸುವ ಮೊದಲೇ ಆಪರೇಷನ್ ಮಾಡುವ ಡಾಕ್ಟರನ್ನು ಒಮ್ಮೆ ಕಾಣುವುದು ಒಳ್ಳೆಯದು.

ಮನೆಯಲ್ಲಿ ಆಗಬೇಕಾದ ತಯಾರಿಯೂ ಇದೆ. ಬೀಡಿ-ಸಿಗರೇಟು ಅಂದೇ ನಿಲ್ಲಬೇಕು. ಸಕ್ಕರೆ ಹತೋಟಿಗೆ ಬರಬೇಕು. ಪಥ್ಯದ ಹೆಸರಿನಲ್ಲಿ ಗಂಜಿಯಲ್ಲೇ ಇಡಬೇಡಿ. ಮೊಟ್ಟೆ, ಮೀನು, ಬೇಳೆ, ಮೊಸರು ಸಾಧ್ಯವಾದಷ್ಟು ಕೊಡಿ. ದಿನಾ ಸಂಜೆ ನಡೆಸಿ. ಸೊರಗಿದ ದೇಹದಲ್ಲಿ ಹೊಲಿಗೆ ಕೂಡುವುದು ಕಷ್ಟ.

ಬಾಲದ ಭಾಗದಲ್ಲಿ ಗಡ್ಡೆಯಿದ್ದು ಗುಲ್ಮವನ್ನೂ ತೆಗೆಯಬೇಕಾಗಬಹುದು ಎಂದಿದ್ದರೆ, ನ್ಯುಮೋನಿಯ ಮತ್ತು ಮೆದುಳು ಜ್ವರದ ಲಸಿಕೆಗಳನ್ನು ಆದಷ್ಟು ಎರಡು ವಾರ ಮುಂಚೆ ಹಾಕಿಸುತ್ತಾರೆ. ಗುಲ್ಮವಿಲ್ಲದವರಿಗೆ ಮುಂದೆ ಯಾವಾಗ ಜೋರು ಜ್ವರ ಬಂದರೂ ಅದು ತುರ್ತು ಸ್ಥಿತಿ. ಕ್ಯಾನ್ಸರ್ ಅಲ್ಲದ ಗಡ್ಡೆಯಾದರೆ ಗುಲ್ಮವನ್ನು ಉಳಿಸಲು ಸಾಧ್ಯವೇ ಎಂದು ಕೇಳಿ.

ಆಪರೇಷನ್ ಆದ ಮೇಲಿನ ದಿನಗಳು

ಈಗ ಮುಖ್ಯ ಮಾತಿಗೆ ಬರೋಣ. ರೋಗಿಯನ್ನು ಹೊರಗೆ ತಂದಾಗ ಹೊಟ್ಟೆಯ ಪಕ್ಕದಿಂದ ಒಂದೆರಡು ಪೈಪುಗಳು ಚೀಲಕ್ಕೆ ಇಳಿದಿರುತ್ತವೆ. ಇವು ಡ್ರೈನ್‌ಗಳು, ಒಳಗೆ ಸೋರಿದ್ದನ್ನು ಹೊರಗೆ ತೋರಿಸುವ ಕಿಟಕಿಗಳು. ಡ್ರೈನ್ ಇಡದೆಯೇ ನೋಡೋಣವೆಂದು ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯನ್ನು, ಡ್ರೈನ್ ಇಲ್ಲದವರಲ್ಲಿ ಸಾವು ಹೆಚ್ಚಾದ ಕಾರಣ ಅರ್ಧಕ್ಕೇ ನಿಲ್ಲಿಸಿದರು. ಆ ವರದಿ ಬಂದದ್ದು 2014ರಲ್ಲಿ. ಹಾಗೆಂದು ಅನಗತ್ಯವಾಗಿ ಹೆಚ್ಚು ದಿನ ಇಡುವುದೂ ಸಲ್ಲ, ಪೈಪಿನ ದಾರಿಯಲ್ಲೇ ಸೋಂಕು ಒಳಹೋಗುತ್ತದೆ. ಚೀಲದ ನೀರಿನಲ್ಲಿ ಅಮೈಲೇಸ್ ಎಂಬ ಅಂಶ ಎಷ್ಟಿದೆಯೆಂದು ಮೊದಲ ದಿನ ಮತ್ತು ಮೂರನೆಯ ದಿನದ ಹೊತ್ತಿಗೆ ಅಳೆಯುತ್ತಾರೆ. ಕಡಿಮೆಯಿದ್ದರೆ ಪೈಪನ್ನು ಬೇಗ ತೆಗೆಯುತ್ತಾರೆ. ಮೂರನೆಯ ದಿನದ ನಂತರವೂ ಅದು ರಕ್ತದಲ್ಲಿರಬೇಕಾದ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ರಸ ಸೋರುತ್ತಿದೆ ಎಂದರ್ಥ. ಬರೀ ಅಂಕಿ ಹೆಚ್ಚಿದ್ದು ರೋಗಿ ಚೆನ್ನಾಗಿದ್ದರೆ ಹೆದರಬೇಕಾಗಿಲ್ಲ. ಬಹುಪಾಲು ಸೋರಿಕೆಗಳು ಮತ್ತೆ ಹೊಟ್ಟೆ ತೆರೆಯದೆಯೇ ನಿಲ್ಲುತ್ತವೆ.

ನೆದರ್‌ಲ್ಯಾಂಡ್ಸ್‌ನ 17 ಕೇಂದ್ರಗಳಲ್ಲಿ 1,748 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ಹೊಲಿಗೆಯನ್ನಾಗಲಿ ಹೊಸ ಯಂತ್ರವನ್ನಾಗಲಿ ತರಲಿಲ್ಲ. ಆಪರೇಷನ್ ಆದವರನ್ನು ಪ್ರತಿದಿನ ಒಂದು ನಿಗದಿತ ಪಟ್ಟಿಯಂತೆ ನೋಡಿದರು. ಜ್ವರ, ನಾಡಿ, ರಕ್ತದ ಸೋಂಕಿನ ಅಂಶ, ಡ್ರೈನ್‌ನ ಅಮೈಲೇಸ್ ಇವುಗಳಲ್ಲಿ ಏನಾದರೂ ದಾರಿ ತಪ್ಪಿದರೆ ತಡಮಾಡದೆ ಸಿಟಿ ಸ್ಕ್ಯಾನ್, ಅಗತ್ಯವಿದ್ದರೆ ಆ್ಯಂಟಿಬಯಾಟಿಕ್, ಕೀವು ಕಂಡರೆ ಸೂಜಿಯ ಮೂಲಕ ಹೊರಗಿನಿಂದಲೇ ಪೈಪು. ಇಷ್ಟರಿಂದಲೇ ದೊಡ್ಡ ರಕ್ತಸ್ರಾವ, ಅಂಗವೈಫಲ್ಯ ಮತ್ತು ಸಾವು ಒಟ್ಟಾಗಿ ನೂರಕ್ಕೆ 14ರಿಂದ 8ಕ್ಕೆ ಇಳಿದವು. ಸಾವು ಮಾತ್ರ ಲೆಕ್ಕ ಹಾಕಿದರೆ ನೂರಕ್ಕೆ 5ರಿಂದ 3ಕ್ಕೆ. ದಿನವೂ ಕಣ್ಣಿಟ್ಟು ನೋಡಿದ್ದು, ಕಂಡ ಕೂಡಲೇ ಕೈಹಾಕಿದ್ದು, ಅಷ್ಟೇ ಅಲ್ಲಿ ಆದ ವ್ಯತ್ಯಾಸ.

ಆ ಕಣ್ಣುಗಳಲ್ಲಿ ನಿಮ್ಮದೂ ಒಂದಾಗಲಿ. ವಾರ್ಡಿನಲ್ಲಿ ಹಾಸಿಗೆಯ ಪಕ್ಕ ರಾತ್ರಿಯಿಡೀ ಕೂರುವುದು ಹೆಚ್ಚಾಗಿ ಹೆಂಡತಿ, ಮಗಳು ಅಥವಾ ಸೊಸೆ. ಡ್ರೈನ್ ಚೀಲದ ಬಣ್ಣ ಮೊದಲ ದಿನ ತುಸು ಕೆಂಪಾಗಿದ್ದು ಆಮೇಲೆ ತಿಳಿ ಹಳದಿಯಾಗುತ್ತಾ ಬರಬೇಕು. ಮಬ್ಬಾಗಿ, ಬೂದು ಅಥವಾ ಕಂದಾದರೆ, ಹಸಿರಾದರೆ, ಕೆಟ್ಟ ವಾಸನೆ ಬಂದರೆ ನರ್ಸ್‌ಗೆ ತಿಳಿಸಿ. ತಿಳಿಯಾಗಿದ್ದ ಚೀಲಕ್ಕೆ ಕೆಲವು ದಿನಗಳ ನಂತರ ಸ್ವಲ್ಪವೇ ಹೊಸ ರಕ್ತ ಬಂದರೂ ಅದನ್ನು ಸಣ್ಣದೆನ್ನಬೇಡಿ. ದೊಡ್ಡ ರಕ್ತಸ್ರಾವ ಆಗುವ ಮೊದಲು ಹೀಗೆ ಸ್ವಲ್ಪ ಕಾಣಿಸಿಕೊಂಡು ನಿಂತುಬಿಡುವುದುಂಟು. ಆ ಕೆಲವು ಗಂಟೆಗಳಲ್ಲಿ ಸಿಟಿ ಆಂಜಿಯೋಗ್ರಾಂ ಮಾಡಿ, ರಕ್ತನಾಳದ ಮೂಲಕ ಸಪೂರ ತಂತಿ ಹಾಯಿಸಿ, ಸೋರುವ ಜಾಗವನ್ನು ಒಳಗಿನಿಂದ ಮುಚ್ಚಬಹುದು. 'ಬೆಳಿಗ್ಗೆ ಡಾಕ್ಟರು ಬಂದಾಗ ಹೇಳೋಣ' ಎಂದು ಕಾಯುವ ವಿಷಯವಲ್ಲ ಇದು.

ಊಟ ಒಳಗೆ ಹೋಗದೆ ವಾಂತಿಯಾಗುವುದು, ಮೂಗಿನ ಪೈಪು ಹಲವು ದಿನ ಉಳಿಯುವುದು ಈ ಆಪರೇಷನ್‌ನಲ್ಲಿ ಸಾಮಾನ್ಯ. ಜಠರ ಕೆಲಸ ಶುರುಮಾಡಲು ತಡಮಾಡುತ್ತದೆ. ಇದು ಹೆಚ್ಚಾಗಿ ತಾನಾಗಿ ಸರಿಹೋಗುತ್ತದೆ. ಅಷ್ಟರವರೆಗೆ ಹಾಸಿಗೆಯ ಸುತ್ತ ಬಂಧುಬಳಗವನ್ನು ಸೇರಿಸದೆ, ಕೈ ತೊಳೆಯದೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಪ್ರೀತಿಯಿಂದ ತಂದ ಊಟದ ಡಬ್ಬಿ ಹೊರಗೇ ಇರಲಿ.

ರೋಗಿ ಮನೆಯ ಹೆಂಗಸೇ ಆಗಿದ್ದರೆ ಇನ್ನೊಂದು ಮಾತು. ನಮ್ಮಲ್ಲಿ ಹೆಂಗಸರು ತಮ್ಮ ನೋವನ್ನು ಕಡೆಗೆ ಹೇಳುವವರು. 'ಪರವಾಗಿಲ್ಲ' ಎಂಬ ಉತ್ತರಕ್ಕೆ ತೃಪ್ತರಾಗದೆ ಮತ್ತೊಮ್ಮೆ ಕೇಳಿ.

ಯಾವ ಆಸ್ಪತ್ರೆ?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯವರಿಗೆ ಆಸ್ಪತ್ರೆಗಳ ಕೊರತೆಯಿಲ್ಲ. ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಬೋರ್ಡುಗಳೇ. ಗುರಪ್ಪನಪಾಳ್ಯದ ಓಣಿಯಿಂದಲೋ ಇಲಿಯಾಸ್ ನಗರದಿಂದಲೋ ಹೊರಟರೆ ಹತ್ತು ಹೆಜ್ಜೆಗೊಂದು ನರ್ಸಿಂಗ್ ಹೋಂ ಸಿಗುತ್ತದೆ. ಹೆರಿಗೆಗೆ, ಹರ್ನಿಯಾಕ್ಕೆ ಹತ್ತಿರದ ಆಸ್ಪತ್ರೆ ಸಾಕು. ಈ ಆಪರೇಷನ್‌ಗೆ ಹತ್ತಿರ, ದೂರ ಎಂಬ ಲೆಕ್ಕ ಬೇಡ. ಕಟ್ಟಡದ ಅಂದವನ್ನೂ ನೋಡಬೇಡಿ.

ನೋಡಬೇಕಾದದ್ದು ಅಭ್ಯಾಸ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಲೆಕ್ಕಾಚಾರದಲ್ಲಿ, ಈ ಆಪರೇಷನ್‌ಗಳನ್ನು ಅಪರೂಪಕ್ಕೊಮ್ಮೆ ಮಾಡುವ ಆಸ್ಪತ್ರೆಗಳಲ್ಲಿ ನೂರರಲ್ಲಿ 16 ಜನ ತೀರಿಕೊಂಡಿದ್ದರೆ, ಅತಿ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ನಾಲ್ವರು ಕೂಡ ಇರಲಿಲ್ಲ. ವರ್ಷಕ್ಕೆ ಇಪ್ಪತ್ತು ವಿಪ್ಪಲ್ ಆದರೂ ಮಾಡದ ಆಸ್ಪತ್ರೆ ಈ ಆಪರೇಷನ್‌ಗೆ ಕೈಹಾಕಬಾರದು ಎಂದು ನೆದರ್‌ಲ್ಯಾಂಡ್ಸ್ 2011ರಲ್ಲಿ ನಿಯಮವನ್ನೇ ಮಾಡಿತು. ನಮ್ಮಲ್ಲಿ ಅಂಥ ನಿಯಮವಿಲ್ಲ. ಆದ್ದರಿಂದ ಕೇಳುವ ಕೆಲಸ ನಿಮ್ಮದೇ. ಸಂಕೋಚ ಬೇಡ, ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

1. ಕಳೆದ ವರ್ಷ ನಿಮ್ಮ ತಂಡ ಇಂಥ ಎಷ್ಟು ಆಪರೇಷನ್ ಮಾಡಿದೆ?

2. ಐಸಿಯು ಇದೆಯೇ? ರಾತ್ರಿ ಹೊತ್ತೂ ಸಿಟಿ ಸ್ಕ್ಯಾನ್ ಆಗುತ್ತದೆಯೇ? ರಕ್ತಸ್ರಾವವಾದರೆ ರಕ್ತನಾಳದ ಮೂಲಕ ನಿಲ್ಲಿಸುವ ವೈದ್ಯರು ಇಲ್ಲೇ ಸಿಗುತ್ತಾರೆಯೇ?

3. ಸ್ಟೆಂಟ್ ನಿಜವಾಗಿ ಬೇಕೇ?

4. ಸೋರಿಕೆಯಾದರೆ ಏನು ಮಾಡುತ್ತೀರಿ, ಎಷ್ಟು ದಿನ ಇರಬೇಕಾದೀತು, ಖರ್ಚು ಎಷ್ಟು ಹೆಚ್ಚಾದೀತು?

5. ಮನೆಗೆ ಹೋದ ಮೇಲೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಖರ್ಚಿನ ಭಯಕ್ಕೆ ಆಪರೇಷನ್ನನ್ನೇ ಕೈಬಿಡಬೇಡಿ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬಿಟಿಎಂ ಲೇಔಟ್‌ನಿಂದ ಬಹಳ ದೂರವೇನಿಲ್ಲ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳು ಕಾಯಿಲೆಗಳಿಗೆ ಮತ್ತು ಅಂಗಾಂಗ ಕಸಿಗೆ ಮೀಸಲಾದ ಸರಕಾರಿ ಸಂಸ್ಥೆಯಿದೆ. ಬನಶಂಕರಿಯಲ್ಲೋ ಜಯನಗರದಲ್ಲೋ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ಹೋಗಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಈ ಯೋಜನೆಯಡಿ ಹೋಗಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಸಾಮಾನ್ಯವಾಗಿ ಬೇಕು. ಜಯನಗರ ನಾಲ್ಕನೇ ಟಿ ಬ್ಲಾಕಿನ ಜನರಲ್ ಆಸ್ಪತ್ರೆಯಂಥ ಕಡೆ ಆರೋಗ್ಯಮಿತ್ರರನ್ನು ವಿಚಾರಿಸಿ. ಒಡವೆ ಅಡವಿಡುವ ಮೊದಲು ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದರೆ ಎಲ್ಲ ಮುಗಿಯಿತೆಂದಲ್ಲ. ಮೂರು-ನಾಲ್ಕು ವಾರಗಳವರೆಗೆ ಎಚ್ಚರ ಬೇಕು. ಚಳಿಜ್ವರ, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ಮತ್ತೆ ಕಣ್ಣು ಹಳದಿಯಾಗುವುದು, ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಆಪರೇಷನ್ ಆದ ಆಸ್ಪತ್ರೆಗೇ ಫೋನ್ ಮಾಡಿ, ಅಲ್ಲಿಗೇ ಕರೆದುಕೊಂಡು ಹೋಗಿ. ಮೂಲೆಯ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿ ರಾತ್ರಿ ಕಳೆಯಬೇಡಿ. ಒಳಗೆ ಯಾವುದನ್ನು ಯಾವುದಕ್ಕೆ ಜೋಡಿಸಿದ್ದಾರೆಂದು ಬಲ್ಲವರು ಅಲ್ಲಿಯವರೇ.

ಇನ್ನು ಊಟ. ಉಳಿದ ಗ್ರಂಥಿ ಸಾಕಷ್ಟು ರಸ ಕೊಡದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮಲ ಜಿಡ್ಡಾಗಿ, ದುರ್ವಾಸನೆಯಿಂದ, ನೀರಿನ ಮೇಲೆ ತೇಲುತ್ತದೆ. ತೂಕ ಇಳಿಯುತ್ತದೆ. ಅದಕ್ಕೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಅದನ್ನು ಮೊದಲ ತುತ್ತಿನ ಜೊತೆಗೇ ನುಂಗಬೇಕು. ಊಟ ಮುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ.

ಇಲ್ಲಿ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಈ ಕ್ಯಾಪ್ಸೂಲಿನ ಕಿಣ್ವಗಳನ್ನು ತಯಾರಿಸುವುದು ಹಂದಿಯ ಮೇದೋಜೀರಕದಿಂದ. ಯಾರೋ ಹೇಳಿದ್ದು ಕಿವಿಗೆ ಬಿದ್ದ ಕೂಡಲೇ ಡಾಕ್ಟರಿಗೂ ಹೇಳದೆ, ಆಲಿಮರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ಕ್ಯಾನ್ಸರ್ ಗೆದ್ದು ಬಂದ ದೇಹ ಹಸಿವಿನಿಂದ ಸೊರಗುತ್ತದೆ. ಅಂಗಡಿಯಲ್ಲಿ ಸಿಗುವ ಜೀರ್ಣದ ಸಿರಪ್‌ಗಳಲ್ಲಿ ಬೇರೆ ಮೂಲದ ಕಿಣ್ವಗಳಿರಬಹುದು, ಆದರೆ ಅವು ಈ ಕ್ಯಾಪ್ಸೂಲಿನ ಕೆಲಸ ಮಾಡಲಾರವು. ಅನಿವಾರ್ಯತೆಗೆ ಸಿಲುಕಿದವನಿಗೆ ನಿಷಿದ್ಧದ ವಿಷಯದಲ್ಲೂ ವಿನಾಯಿತಿ ಇದೆಯೆಂಬುದನ್ನು ಕುರ್‌ಆನಿನ ಅಲ್ ಬಕರ ಅಧ್ಯಾಯದ 173ನೇ ವಚನ ತಿಳಿಸುತ್ತದೆ. ಬದಲಿ ಇಲ್ಲದ ಔಷಧಿಗಳ ಚರ್ಚೆಯಲ್ಲಿ ವಿದ್ವಾಂಸರು ಆಧಾರವಾಗಿ ಕೊಡುವ ವಚನಗಳಲ್ಲಿ ಇದೂ ಒಂದು. ನಿಮ್ಮ ಡಾಕ್ಟರಿಂದ 'ಇದಕ್ಕೆ ಬದಲಿ ಇದೆಯೇ, ಇಲ್ಲದಿದ್ದರೆ ಏನಾಗುತ್ತದೆ' ಎಂದು ಸ್ಪಷ್ಟವಾಗಿ ತಿಳಿದುಕೊಂಡು, ಆ ಮಾಹಿತಿಯೊಂದಿಗೆ ನಂಬಿಕೆಯ ಆಲಿಮರನ್ನು ಕಾಣಿ. ಅದಕ್ಕೂ ಮೊದಲು ಮಾತ್ರೆ ಬಿಸಾಡಬೇಡಿ.

ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಎನಾಕ್ಸಾಪರಿನ್ ಇಂಜೆಕ್ಷನ್ನಿನ ಮೂಲವೂ ಹಂದಿಯೇ. ಅದಕ್ಕೆ ಫೋಂಡಾಪ್ಯಾರಿನಕ್ಸ್ ಎಂಬ ಕೃತಕವಾಗಿ ತಯಾರಿಸಿದ ಔಷಧಿ ಇದೆ. ನಿಮ್ಮ ರೋಗಿಗೆ ಅದು ಹೊಂದುತ್ತದೆಯೇ ಎಂದು ಕೇಳಬಹುದು. ಇನ್ಸುಲಿನ್ ಬಗ್ಗೆ ಮಾತ್ರ ಚಿಂತೆ ಬೇಡ. ಒಂದು ಕಾಲದಲ್ಲಿ ಅದನ್ನು ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗ ಬಳಕೆಯಲ್ಲಿರುವುದು ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಮಾನವ ಮಾದರಿಯ ಇನ್ಸುಲಿನ್. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ರಮಝಾನ್ ಬಂದಾಗ ಉಪವಾಸದ ಹಂಬಲ ಸಹಜ. ಆದರೆ ಈ ಆಪರೇಷನ್ ಆದವರ ದೇಹ ಸಣ್ಣ ಸಣ್ಣ ಊಟಗಳ ಮೇಲೆ ನಿಂತಿದೆ, ಇನ್ಸುಲಿನ್ ಇದ್ದರೆ ಸಕ್ಕರೆ ಥಟ್ಟನೆ ಕುಸಿಯಬಹುದು. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಆ ರಿಯಾಯಿತಿಯನ್ನು ಬಳಸಿಕೊಳ್ಳುವುದರಲ್ಲಿ ಕೀಳರಿಮೆ ಬೇಡ.

ಕೊನೆಗೊಂದು ಸಣ್ಣ ಕೆಲಸ. ಆಪರೇಷನ್ ವಿವರದ ಕಾಗದ, ಬಯಾಪ್ಸಿ ವರದಿ, ಔಷಧಿ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಅದರ ಮೇಲೆ ಆಸ್ಪತ್ರೆಯ ತುರ್ತು ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ನಡುರಾತ್ರಿ ಬೇಕಾದಾಗ ಮನೆಯ ಚಿಕ್ಕ ಹುಡುಗನಿಗೂ ಅದು ಕೈಗೆ ಸಿಗುವಂತಿರಲಿ.